ಇಳಿದ ತೂಕ ಮತ್ತೆ ಏರಿದಾಗ: ಶಸ್ತ್ರಚಿಕಿತ್ಸೆಗೆ ಹೌದೆನ್ನಬೇಕೇ, ಬೇಡವೆನ್ನಬೇಕೇ?



ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ಮಾಂಸ, ಸಿಹಿ, ಕರಿದ ತಿಂಡಿಗಳನ್ನು ಬಿಟ್ಟು ಐದಾರು ಕಿಲೋ ಇಳಿಸಿಕೊಂಡವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಮರಿಯಮ್ಮನವರ ಹಬ್ಬದ ಹೊತ್ತಿಗೆ ಅದರಲ್ಲಿ ಅರ್ಧ ಮರಳಿ ಬಂದಿರುತ್ತದೆ. ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಪೂರ್ತಿ ಬಂದು, ಮೇಲೆ ಎರಡು ಕಿಲೋ ಬಡ್ಡಿಯೂ ಸೇರಿರುತ್ತದೆ. ಮರುವರ್ಷ ಮತ್ತೆ ಅದೇ ಕಥೆ. ಹೀಗೆ ಹತ್ತು ಹದಿನೈದು ವರ್ಷ ಇಳಿದು ಏರಿ, ಏರಿ ಇಳಿದು ದಣಿದವರಿಗೆ ಒಂದು ದಿನ ವೈದ್ಯರು ಹೇಳುತ್ತಾರೆ: "ಇನ್ನು ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಿ."

ಆ ಮಾತು ಕೇಳಿ ಬಂದವರು ಗುರುಮನೆಯ ಬಾಗಿಲಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. "ಫಾದರ್, ನನಗೆ ಮನೋಬಲವೇ ಇಲ್ಲವೇ?" "ದೇವರು ಕೊಟ್ಟ ಹೊಟ್ಟೆಯನ್ನು ಕತ್ತರಿಸಿ ಹಾಕಿಸುವುದು ಪಾಪವಲ್ಲವೇ?" "ಮಾಡಿಸಿಕೊಂಡ ಮೇಲೂ ತೂಕ ಮರಳಿ ಬಂದರೆ ಗತಿಯೇನು?" ಮೂರೂ ನ್ಯಾಯವಾದ ಪ್ರಶ್ನೆಗಳೇ. ವೈದ್ಯರ ಸಲಹೆಗೆ ಬದಲಾಗಿ ಈ ಲೇಖನವನ್ನು ಓದಬಾರದು. ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕು, ಮನೆಗೆ ಬಂದು ಏನನ್ನು ಯೋಚಿಸಬೇಕು ಎಂಬುದನ್ನು ಒಂದು ಕಡೆ ಸೇರಿಸುವುದಷ್ಟೇ ಇದರ ಉದ್ದೇಶ.

ಮರಳಿ ಬರುವ ತೂಕ ಯಾರ ತಪ್ಪು?

ಮೊದಲನೆಯ ಪ್ರಶ್ನೆಗೆ ಉತ್ತರ ಸಿಗದೆ ಉಳಿದವನ್ನು ಸರಿಯಾಗಿ ಯೋಚಿಸಲಾಗದು. ಹೊಟ್ಟೆಬಾಕತನವನ್ನು ನಾವು ಏಳು ಮೂಲಪಾಪಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆದ್ದರಿಂದ ದಪ್ಪಗಿರುವವರನ್ನು ಕಂಡಾಗ ಅವರು ತಿಂದು ತಿಂದೇ ಹೀಗಾದರೆಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ದಪ್ಪಗಿರುವವರೂ ತಮ್ಮ ಬಗ್ಗೆ ಅದೇ ತೀರ್ಪನ್ನು ಕೊಟ್ಟುಕೊಳ್ಳುತ್ತಾರೆ. ಆದರೆ ವಿಜ್ಞಾನ ಹೇಳುವುದು ಬೇರೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಮಂದಿಗೆ 10 ವಾರಗಳ ಕಾಲ ಬಹಳ ಕಡಿಮೆ ಶಕ್ತಿಯ ಆಹಾರ ಕೊಟ್ಟು ತೂಕ ಇಳಿಸಲಾಯಿತು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಅವರ ರಕ್ತದಲ್ಲಿ ಹೆಚ್ಚಾಯಿತು. ಮೈಯಲ್ಲಿ ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಕಡಿಮೆಯಾಯಿತು. ಇದು ನಿರೀಕ್ಷಿತವೇ. ಆದರೆ ಒಂದು ವರ್ಷ ಕಳೆದ ಮೇಲೂ ಈ ಏರುಪೇರು ಸರಿಹೋಗಿರಲಿಲ್ಲ. ಅವರ ದೇಹ ಇನ್ನೂ ಬರಗಾಲದಲ್ಲಿರುವಂತೆಯೇ ವರ್ತಿಸುತ್ತಿತ್ತು.

ಅಮೆರಿಕದಲ್ಲಿ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಹೆಚ್ಚಿನವರಲ್ಲಿ ಇಳಿದ ತೂಕದ ಬಹುಪಾಲು ಮರಳಿತ್ತು. ಆದರೂ ಅವರ ದೇಹ ಸುಮ್ಮನೆ ಕುಳಿತಾಗ ಖರ್ಚು ಮಾಡುತ್ತಿದ್ದ ಶಕ್ತಿ, ಅಷ್ಟೇ ಗಾತ್ರದವರಿಂದ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಿತ್ತು. ಅಂದರೆ ಒಂದು ಹೊತ್ತಿನ ಊಟದಷ್ಟು! ಪಕ್ಕದವರು ಮೂರು ಹೊತ್ತು ಉಂಡು ತೂಕ ಕಾಯ್ದುಕೊಂಡರೆ, ಇವರು ಎರಡು ಹೊತ್ತು ಉಂಡು ಕಾಯ್ದುಕೊಳ್ಳಬೇಕು. ಅದೂ ಹೆಚ್ಚು ಹಸಿವಿನೊಂದಿಗೆ.

ಹೌದು, ಪ್ರಿಯರೇ, ಬರಗಾಲಗಳನ್ನು ದಾಟಿ ಬಂದ ಮಾನವ ದೇಹಕ್ಕೆ ಕೊಬ್ಬನ್ನು ಕಾಪಾಡಿಕೊಳ್ಳುವುದು ಗೊತ್ತು, ಬಿಟ್ಟುಕೊಡುವುದು ಗೊತ್ತಿಲ್ಲ. ತಟ್ಟೆಯ ಮುಂದೆ ನಮಗೆ ಜವಾಬ್ದಾರಿಯೇ ಇಲ್ಲವೆಂದು ಇದರ ಅರ್ಥವಲ್ಲ. ಆದರೆ ಮೂರು ಬಾರಿ ಇಳಿಸಿ ಮೂರು ಬಾರಿ ಏರಿಸಿಕೊಂಡ ವ್ಯಕ್ತಿಯನ್ನು ಸೋಮಾರಿ ಎನ್ನುವುದು ಅನ್ಯಾಯ. ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ನಾಚಿಕೆಯಿಂದ ಮಾಡಬಾರದು. ಕಾಯಿಲೆಯ ತೂಕವನ್ನೂ ಚಿಕಿತ್ಸೆಯ ತೂಕವನ್ನೂ ತಕ್ಕಡಿಯಲ್ಲಿಟ್ಟು ಮಾಡಬೇಕು. ಈ ಲೇಖನದ ಸಾರ ಇಷ್ಟೇ.

ಈ ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಮೊದಲು ಒಂದು ಗೊಂದಲವನ್ನು ಬಿಡಿಸೋಣ. ಸೊಂಟದ, ಹೊಟ್ಟೆಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು ಸೌಂದರ್ಯ ಚಿಕಿತ್ಸೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತೀರಿಕೊಂಡಾಗ ಅನೇಕರು ಎರಡನ್ನೂ ಒಂದೇ ಎಂದು ತಿಳಿದರು. ನಾವು ಇಲ್ಲಿ ಮಾತನಾಡುತ್ತಿರುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಜಠರ ಮತ್ತು ಕರುಳಿನ ಮೇಲೆ ನಡೆಯುವಂಥದ್ದು. ಈಗ ಹೆಚ್ಚಾಗಿ ಲ್ಯಾಪರೋಸ್ಕೋಪಿ ಮೂಲಕ, ಸಣ್ಣ ರಂಧ್ರಗಳಿಂದಲೇ ಮಾಡುತ್ತಾರೆ. ಮುಖ್ಯವಾಗಿ ಎರಡು ವಿಧಗಳಿವೆ.

ಮೊದಲನೆಯದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ಹೊರತೆಗೆದು, ಉಳಿದದ್ದನ್ನು ಬಾಳೆಕಾಯಿಯಂತಹ ಸಣ್ಣ ಕೊಳವೆಯಾಗಿ ಮಾಡುತ್ತಾರೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೇ ಹೊರಹೋಗುವುದರಿಂದ ಹಸಿವೂ ತಗ್ಗುತ್ತದೆ. ತೆಗೆದ ಭಾಗವನ್ನು ಮರಳಿ ಜೋಡಿಸಲಾಗದು.

ಎರಡನೆಯದು ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಒಂದು ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಅನ್ನ ಅದರ ಮೂಲಕ ಹೋಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಇದಕ್ಕೆ ನಾಂದಿ ಹಾಡಿದರು.

ಹೊಟ್ಟೆ ಚಿಕ್ಕದಾಗುವುದೊಂದೇ ಇವುಗಳ ಗುಟ್ಟು ಎಂದು ಮೊದಲು ತಿಳಿಯಲಾಗಿತ್ತು. ಕರುಳಿನಿಂದ ಮೆದುಳಿಗೆ ಹೋಗುವ ಹಸಿವಿನ, ತೃಪ್ತಿಯ ಸಂದೇಶಗಳೇ ಬದಲಾಗುತ್ತವೆ ಎಂಬುದು ನಂತರ ಗೊತ್ತಾಯಿತು. ಪಥ್ಯ ಮಾಡಿದಾಗ ಹಸಿವು ಹೆಚ್ಚುತ್ತದೆ. ಇಲ್ಲಿ ತೂಕ ಇಳಿದರೂ ಹಸಿವು ಕಡಿಮೆಯೇ ಇರುತ್ತದೆ. ಪಥ್ಯದಿಂದ ಪದೇ ಪದೇ ಸೋತವರಿಗೆ ಇದರಿಂದ ಪ್ರಯೋಜನವಾಗುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಲಾಭ ಎಷ್ಟು, ಮಿತಿ ಎಷ್ಟು?

ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 2000 ಮಂದಿಯನ್ನೂ, ಮಾಡಿಸಿಕೊಳ್ಳದ ಹೆಚ್ಚುಕಡಿಮೆ ಅಷ್ಟೇ ಮಂದಿಯನ್ನೂ ದಶಕಗಳ ಕಾಲ ಹಿಂಬಾಲಿಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಾಡಿಸಿಕೊಂಡವರ ಆಯುಷ್ಯ ಮಾಡಿಸಿಕೊಳ್ಳದವರಿಗಿಂತ ಸುಮಾರು 3 ವರ್ಷ ಹೆಚ್ಚಿತ್ತು. ಆದರೆ ಸಾಮಾನ್ಯ ಜನರ ಆಯುಷ್ಯಕ್ಕಿಂತ ಸುಮಾರು ಐದೂವರೆ ವರ್ಷ ಕಡಿಮೆಯೇ ಇತ್ತು. ಎರಡು ಮಾತು ನೆನಪಿಡಬೇಕು. ಇದು ಚೀಟಿ ಎತ್ತಿ ಗುಂಪು ಹಂಚಿದ ಅಧ್ಯಯನವಲ್ಲ. ಅಂದು ಹೆಚ್ಚಾಗಿ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ವಿಧಾನ ಇಂದು ಬಳಕೆಯಲ್ಲಿಲ್ಲ.

ಮೂರನೆಯ ಪ್ರಶ್ನೆಗೂ ಈ ಅಧ್ಯಯನದಲ್ಲೇ ಉತ್ತರವಿದೆ. ಬೈಪಾಸ್ ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ಇಳಿದಿತ್ತು. ಹತ್ತನೇ ವರ್ಷದಲ್ಲಿ ಆ ಇಳಿಕೆ ಶೇಕಡ 25ಕ್ಕೆ ಬಂದು ನಿಂತಿತ್ತು. ಅಂದರೆ 100 ಕಿಲೋ ಇದ್ದವರು 68ಕ್ಕೆ ಇಳಿದು, ಬಳಿಕ 75ಕ್ಕೆ ಏರಿದ ಲೆಕ್ಕ. ಇದು ಸರಾಸರಿ ಮಾತ್ರ. ಕೆಲವರಲ್ಲಿ ಹೆಚ್ಚು ಮರಳುತ್ತದೆ. ಆದ್ದರಿಂದ "ಒಮ್ಮೆ ಮಾಡಿಸಿದರೆ ಸಾಕು, ಮತ್ತೆ ಏರುವುದೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಲ್ಪ ಏರುವುದು ಸಹಜ. ಏರಿದ ಮೇಲೂ ಆರಂಭಕ್ಕಿಂತ ಬಹಳ ಕೆಳಗೇ ನಿಲ್ಲುವುದು ಇದರ ನಿಜವಾದ ಲಾಭ.

ಸಕ್ಕರೆ ಕಾಯಿಲೆಯ ವಿಷಯದಲ್ಲೂ ಹಾಗೆಯೇ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 150 ಮಧುಮೇಹಿಗಳನ್ನು ಮೂರು ಗುಂಪುಗಳಾಗಿ ಚೀಟಿ ಎತ್ತಿ ಹಂಚಿ, ಐದು ವರ್ಷಗಳ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 6 ಅಥವಾ ಅದಕ್ಕಿಂತ ಕೆಳಗೆ ಬಂದವರು ಔಷಧಿ ಮಾತ್ರ ಪಡೆದವರಲ್ಲಿ ಶೇಕಡ 5, ಬೈಪಾಸ್ ಆದವರಲ್ಲಿ 29, ಸ್ಲೀವ್ ಆದವರಲ್ಲಿ 23. ಲಾಭ ದೊಡ್ಡದೇ. ಆದರೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯ ಬಳಿಕವೂ ಆ ಗುರಿಯನ್ನು ಮುಟ್ಟಿರಲಿಲ್ಲ ಎಂಬುದನ್ನೂ ಓದಿಕೊಳ್ಳಬೇಕು.

ಅಪಾಯಗಳು, ಮತ್ತು ಜೀವನಪರ್ಯಂತದ ಶಿಸ್ತು

ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 4776 ಮಂದಿಯಲ್ಲಿ 30 ದಿನಗಳೊಳಗೆ ತೀರಿಕೊಂಡವರು ಶೇಕಡ 0.3 ಎಂದು 2009ರಲ್ಲಿ ವರದಿಯಾಯಿತು. ಸಾವಿರದಲ್ಲಿ ಮೂವರು. ಹೊಲಿಗೆ ಬಿಟ್ಟು ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಇವು ಮುಖ್ಯ ಅಪಾಯಗಳು. ಮನೆಗೆ ಬಂದ ಮೇಲೆ ಎದೆಬಡಿತ ಜೋರಾದರೆ, ಜ್ವರ ಬಂದರೆ, ಉಸಿರಾಟ ಕಷ್ಟವಾದರೆ, ಹೊಟ್ಟೆನೋವು ಹೆಚ್ಚಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಳಿಕದ ವರ್ಷಗಳ ತೊಂದರೆಗಳು ಬೇರೆ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು. ಸ್ಲೀವ್ ಆದವರಿಗೆ ಎದೆಯುರಿ, ಹುಳಿತೇಗು ಹೆಚ್ಚಬಹುದು. ಫಿನ್ಲೆಂಡಿನ ಹತ್ತು ವರ್ಷಗಳ ಅಧ್ಯಯನದಲ್ಲಿ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇಕಡ 31, ಬೈಪಾಸ್ ಆದವರಲ್ಲಿ ಶೇಕಡ 7 ಕಂಡುಬಂತು. ಈಗಾಗಲೇ ತೀವ್ರ ಎದೆಯುರಿ ಇರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬೈಪಾಸ್ ಆದವರು ಸಿಹಿಯನ್ನು ಒಮ್ಮೆಲೇ ತಿಂದರೆ ಬೆವರು, ತಲೆಸುತ್ತು, ಹೊಟ್ಟೆ ಹಿಂಡಿದಂತಾಗುವುದು ಉಂಟು. ಸಾಮಾನ್ಯ ನೋವಿನ ಮಾತ್ರೆಗಳಲ್ಲಿ ಹಲವು ಅವರಲ್ಲಿ ಹುಣ್ಣು ತರುತ್ತವೆ. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಅಭ್ಯಾಸ ಬಿಡಬೇಕು. ಬೀಡಿ ಸಿಗರೇಟೂ ಹಾಗೆಯೇ.

ಇನ್ನು ದಿನನಿತ್ಯದ ಶಿಸ್ತು. ಮೊದಲ ವಾರಗಳಲ್ಲಿ ನೀರಿನಂಥ ಆಹಾರ, ಆಮೇಲೆ ಗಂಜಿಯಂಥದ್ದು, ಬಳಿಕ ಮೆತ್ತಗಿನದು, ಒಂದೆರಡು ತಿಂಗಳಲ್ಲಿ ಸಾಮಾನ್ಯ ಊಟ. ಆದರೆ ಬಹಳ ಸ್ವಲ್ಪ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಚೆನ್ನಾಗಿ ಅಗಿಯದೆ ನುಂಗುವಂತಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಎಂದರೆ ಪುಟ್ಟ ಹೊಟ್ಟೆಗೆ ಇದೆಷ್ಟು ಕಷ್ಟವೆಂದು ಊಹಿಸಿ. ಅನ್ನ, ಮುದ್ದೆಗೆ ಮೊದಲು ಮೊಟ್ಟೆ, ಮೀನು, ಕಾಳು, ಮೊಸರು ಒಳಗೆ ಹೋಗಬೇಕು. ವಿಟಮಿನ್ ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳನ್ನು ಜೀವನಪೂರ್ತಿ ತೆಗೆದುಕೊಂಡು ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಬೇಕು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ವಿಟಮಿನ್ ಬಿ1 ಕೊರತೆಯಿಂದ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಏರಿಸುವ ಮೊದಲು "ನನಗೆ ಇಂಥ ಶಸ್ತ್ರಚಿಕಿತ್ಸೆ ಆಗಿದೆ, ಬಿ1 ಕೊಡಬೇಕಾಗಬಹುದು" ಎಂದು ಹೇಳಲು ಮನೆಯವರಿಗೂ ಗೊತ್ತಿರಬೇಕು.

ಮಕ್ಕಳನ್ನು ಬಯಸುವ ದಂಪತಿಗಳು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ವೈದ್ಯರ ಸಲಹೆ. ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದರಿಂದ ಇದನ್ನು ಮೊದಲೇ ಇಬ್ಬರೂ ಮಾತಾಡಿಕೊಳ್ಳಬೇಕು.

ಮನಸ್ಸಿನ ವಿಷಯವನ್ನು ಮರೆಯಬಾರದು. ಬೈಪಾಸ್ ಆದವರ ರಕ್ತಕ್ಕೆ ಮದ್ಯ ಬೇಗ ಸೇರುತ್ತದೆ. ಎರಡನೇ ವರ್ಷದಲ್ಲಿ ಕುಡಿತದ ಚಟ ಹೆಚ್ಚಿದ್ದನ್ನು 2012ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 8815 ಮಂದಿಯನ್ನು ಗಮನಿಸಿದಾಗ ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಕರಣಗಳು ಶಸ್ತ್ರಚಿಕಿತ್ಸೆಯ ಬಳಿಕ ಅರ್ಧದಷ್ಟು ಹೆಚ್ಚಿದ್ದವು. ಹೀಗಾದವರ ಸಂಖ್ಯೆ ಕಡಿಮೆಯೇ. ಆದರೂ ಖಿನ್ನತೆ ಇದ್ದವರು, ದುಃಖವಾದಾಗಲೆಲ್ಲ ತಿನ್ನುವ ಅಭ್ಯಾಸವಿದ್ದವರು ಮೊದಲು ಮನೋವೈದ್ಯರನ್ನು ಕಾಣುವುದು ಅವಶ್ಯ.

ದೇವರು ಕೊಟ್ಟ ಅಂಗವನ್ನು ಕತ್ತರಿಸಬಹುದೇ?

ಈಗ ಎರಡನೆಯ ಪ್ರಶ್ನೆ. ಇಡೀ ದೇಹದ ಆರೋಗ್ಯಕ್ಕಾಗಿ ಒಂದು ಅಂಗವನ್ನು ತೆಗೆಯುವುದು ನ್ಯಾಯಸಮ್ಮತ ಎಂದು ಸಂತ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ವಿವರಿಸಿದ್ದಾರೆ. ಭಾಗವಿರುವುದು ಇಡಿಯ ಒಳಿತಿಗಾಗಿ ಎಂಬ ಈ ತತ್ವವನ್ನು ಹನ್ನೆರಡನೇ ಪಯಸ್ ಜಗದ್ಗುರುಗಳು 1952ರಲ್ಲಿ ವೈದ್ಯರನ್ನು ಉದ್ದೇಶಿಸಿ ಮಾತನಾಡುವಾಗ ಮತ್ತೆ ಸ್ಪಷ್ಟಪಡಿಸಿದರು. ಆದ್ದರಿಂದ ಕಾಯಿಲೆಯ ಚಿಕಿತ್ಸೆಗಾಗಿ ಮಾಡಿಸಿಕೊಳ್ಳುವ ಈ ಶಸ್ತ್ರಚಿಕಿತ್ಸೆ ಪಾಪವಲ್ಲ. ಪಾಪನಿವೇದನೆಯಲ್ಲಿ ಹೇಳಿಕೊಳ್ಳುವ ಅಗತ್ಯವೂ ಇಲ್ಲ. ಅದೇ ರೀತಿ, ತನಗೆ ಅತಿಯಾದ ಹೊರೆಯೆನಿಸುವ ಚಿಕಿತ್ಸೆಯನ್ನು ಮಾಡಿಸಿಕೊಳ್ಳಲೇಬೇಕೆಂದು ಧರ್ಮಸಭೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಹೌದೆಂದರೂ ತಪ್ಪಲ್ಲ, ಬೇಡವೆಂದರೂ ತಪ್ಪಲ್ಲ. ಆ ಸ್ವಾತಂತ್ರ್ಯ ನಿಮ್ಮದು.

ಉಪವಾಸದ ಬಗ್ಗೆಯೂ ಒಂದು ಮಾತು. ರೋಗಿಗಳಿಗೆ ಉಪವಾಸದ ನಿಯಮದಿಂದ ವಿನಾಯಿತಿಯಿದೆ. ಶಸ್ತ್ರಚಿಕಿತ್ಸೆ ಆದವರು ಗುಟುಕು ಗುಟುಕಾಗಿ ದಿನವಿಡೀ ನೀರು ಕುಡಿಯಬೇಕಾದ್ದರಿಂದ ಶುಭ ಶುಕ್ರವಾರವೂ ನೀರು ಬಿಡಬಾರದು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವು ನೀರು, ಔಷಧಿಗಳಿಂದ ಮುರಿಯುವುದೂ ಇಲ್ಲ.

ಯಾರಿಗೆ ಇದು ಸೂಕ್ತ?

ವೈದ್ಯರು ಬಳಸುವ ಅಳತೆಗೆ ಬಿ.ಎಂ.ಐ. ಎಂದು ಹೆಸರು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. 160 ಸೆಂಟಿಮೀಟರ್ ಎತ್ತರ, 90 ಕಿಲೋ ತೂಕದವರಿಗೆ ಇದು ಸುಮಾರು 35 ಬರುತ್ತದೆ.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಬಿ.ಎಂ.ಐ. 40, ಅಥವಾ ಗಂಭೀರ ಕಾಯಿಲೆಗಳಿದ್ದರೆ 35 ಎಂದು ಗೆರೆ ಎಳೆದಿತ್ತು. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಟನೆಗಳು ಇದನ್ನು 35ಕ್ಕೆ, ಸಕ್ಕರೆ ಕಾಯಿಲೆಯಂಥ ತೊಂದರೆಗಳಿದ್ದರೆ 30ಕ್ಕೆ ಇಳಿಸಿದವು. ಏಷ್ಯಾದವರ ಗೆರೆ ಇನ್ನೂ ಕೆಳಗೆ, 27.5 ಇರಬೇಕೆಂದವು. ಒಂದೇ ಬಿ.ಎಂ.ಐ.ಯಲ್ಲೂ ನಮ್ಮವರ ಮೈಯಲ್ಲಿ, ಅದರಲ್ಲೂ ಹೊಟ್ಟೆಯಲ್ಲಿ, ಯುರೋಪಿನವರಿಗಿಂತ ಕೊಬ್ಬು ಹೆಚ್ಚಿರುವುದು ಇದಕ್ಕೆ ಕಾರಣ.

ಆದರೆ ಹಣದ ಗೆರೆ ಬೇರೆಯೇ ಇದೆ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಷರತ್ತಿನ ಪ್ರಕಾರ ರೋಗಿಗೆ 18 ವರ್ಷ ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35ರಿಂದ 40ರ ನಡುವೆ ಇದ್ದರೆ ಹೃದ್ರೋಗ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಮಧುಮೇಹ ಇಂಥವುಗಳಲ್ಲಿ ಒಂದಾದರೂ ಇರಬೇಕು. ಬೇರೆ ಸರಳ ಮಾರ್ಗಗಳು ವಿಫಲವಾಗಿರಬೇಕು. ವೈದ್ಯರು "ಸೂಕ್ತ" ಎಂದವರಿಗೂ ವಿಮೆ ಸಿಗದಿರಬಹುದು. ಆದ್ದರಿಂದ ಹಳೆಯ ಪಥ್ಯದ ಚೀಟಿಗಳು, ತೂಕದ ದಾಖಲೆಗಳು, ಔಷಧಿ ಚೀಟಿಗಳನ್ನು ಎಸೆಯದೆ ಕೂಡಿಡಿ. ವಿಮಾ ಕಂಪನಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ದಿನಾಂಕ ಗೊತ್ತುಮಾಡಿ. ಹೊಲ ಅಡವಿಟ್ಟು, ಒಡವೆ ಮಾರಿ ಹೊರಡುವ ಮುನ್ನ ವರ್ಷವರ್ಷದ ಮಾತ್ರೆ, ಪರೀಕ್ಷೆಗಳ ಖರ್ಚನ್ನೂ ಸೇರಿಸಿ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂಬ ಸಾಮತಿ ಇಲ್ಲಿಗೂ ಒಪ್ಪುತ್ತದೆ.

ಮೂವರನ್ನು ಊಹಿಸೋಣ

ಮೂವರೂ ಮೂರು ಬಾರಿ ತೂಕ ಇಳಿಸಿ ಏರಿಸಿಕೊಂಡವರೇ ಎಂದಿಟ್ಟುಕೊಳ್ಳಿ.

45 ವರ್ಷದ ಒಬ್ಬ ತಾಯಿ. ಎತ್ತರ 158 ಸೆಂಟಿಮೀಟರ್, ತೂಕ 98 ಕಿಲೋ, ಬಿ.ಎಂ.ಐ. 39. ಇನ್ಸುಲಿನ್ ತೆಗೆದುಕೊಂಡರೂ ಸಕ್ಕರೆ ಹತೋಟಿಯಲ್ಲಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ಗಂಡ, ಮಕ್ಕಳು ಜೊತೆಗಿದ್ದಾರೆ. ಇಲ್ಲಿ ಏನೂ ಮಾಡದೆ ಕೂರುವುದೂ ದೊಡ್ಡ ಅಪಾಯವೇ. ಇವರು ಶಸ್ತ್ರವೈದ್ಯರನ್ನು ಕಂಡು ಗಂಭೀರವಾಗಿ ಯೋಚಿಸಬೇಕು.

26 ವರ್ಷದ ಯುವತಿ. ಎತ್ತರ 160, ತೂಕ 68 ಕಿಲೋ, ಬಿ.ಎಂ.ಐ. ಸುಮಾರು 26.5. ಬೇರೆ ಕಾಯಿಲೆಯಿಲ್ಲ. ಮದುವೆ ಗೊತ್ತಾಗಿದೆ, ಫೋಟೋ ಚೆನ್ನಾಗಿ ಬರಬೇಕೆಂದು ಮನೆಯವರ ಒತ್ತಡ. ಇವರಿಗೆ ಶಸ್ತ್ರಚಿಕಿತ್ಸೆ ಬೇಡ. ಒಂದು ದಿನದ ಫೋಟೋಕ್ಕಾಗಿ ಜೀವಮಾನದ ಜಠರವನ್ನು ಕೊಡುವುದು ತಕ್ಕ ವ್ಯಾಪಾರವಲ್ಲ. ಇಲ್ಲಿ ತಿದ್ದಬೇಕಾದದ್ದು ಮನೆಯವರ ಮಾತು.

52 ವರ್ಷದ ಗೃಹಸ್ಥ. ಎತ್ತರ 170, ತೂಕ 96, ಬಿ.ಎಂ.ಐ. 33. ಸಕ್ಕರೆ ಕಾಯಿಲೆಯಿದೆ, ಸಂಜೆಯಾದರೆ ಕುಡಿತವೂ ಇದೆ. ವೈದ್ಯಕೀಯ ಗೆರೆಯೊಳಗೆ ಬರುತ್ತಾರೆ, ವಿಮೆಯ ಗೆರೆಯೊಳಗಿಲ್ಲ. ಇವರ ಮೊದಲ ಹೆಜ್ಜೆ ಕುಡಿತ ಬಿಡುವ ಚಿಕಿತ್ಸೆ. ಅದು ನಿಂತ ಬಳಿಕವಷ್ಟೇ ಶಸ್ತ್ರಚಿಕಿತ್ಸೆಯ ಮಾತು.

"ಎಷ್ಟು ಸಲ ಸೋತಿರಿ" ಎಂಬ ಲೆಕ್ಕ ಒಂದೇ ಆದರೂ ಮೂವರಿಗೆ ಮೂರು ಉತ್ತರ ಬಂತು. ಸೋಲಿನ ಸಂಖ್ಯೆಯೊಂದೇ ನಿರ್ಧಾರಕ್ಕೆ ಆಧಾರವಾಗಲಾರದು.

ಬೇರೆ ದಾರಿಗಳಿವೆಯೇ?

ಮೊದಲು ತೂಕ ಏರಲು ಬೇರೆ ಕಾರಣವಿದೆಯೇ ಎಂದು ನೋಡಿಸಬೇಕು: ಥೈರಾಯಿಡ್ ತೊಂದರೆ, ಸ್ಟೀರಾಯಿಡ್ ಮಾತ್ರೆಗಳು, ಕೆಲವು ಮನೋರೋಗದ ಔಷಧಿಗಳು. ಔಷಧಿಯನ್ನು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ವಾರಕ್ಕೊಮ್ಮೆ ತೆಗೆದುಕೊಳ್ಳುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ವರ್ಷದ ಜೂನ್‌ನಲ್ಲಿ ಬಂತು. 2021ರ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರಗಳಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿಸಿತು. 2022ರ ಪ್ರಯೋಗದಲ್ಲಿ ಟಿರ್ಜೆಪಟೈಡಿನ ಹೆಚ್ಚಿನ ಪ್ರಮಾಣ 72 ವಾರಗಳಲ್ಲಿ ಶೇಕಡ 21ರಷ್ಟು ಇಳಿಸಿತು. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು. ಇದೂ ಬಹುಕಾಲ ಮುಂದುವರಿಸಬೇಕಾದ ಚಿಕಿತ್ಸೆಯೇ. ತಜ್ಞ ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಮುಟ್ಟಬೇಡಿ. "ಶಸ್ತ್ರಚಿಕಿತ್ಸೆಗೆ ಮುನ್ನ ನನಗೆ ಇದನ್ನು ಪ್ರಯತ್ನಿಸಬಹುದೇ?" ಎಂದು ಕೇಳುವುದು ಮಾತ್ರ ಒಳ್ಳೆಯ ಪ್ರಶ್ನೆ.

ಯಾವುದೂ ಬೇಡ ಎನ್ನುವವರಿಗೆ ದಾರಿ ಮುಚ್ಚಿಲ್ಲ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮಧುಮೇಹದ ಅಂಚಿನಲ್ಲಿದ್ದವರಿಗೆ ಕೊಟ್ಟ ಗುರಿ ಶೇಕಡ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ. ಅದರಿಂದಲೇ ಮಧುಮೇಹ ಬರುವುದು ಶೇಕಡ 58ರಷ್ಟು ಕಡಿಮೆಯಾಯಿತು. 90 ಕಿಲೋ ಇರುವವರಿಗೆ ಅದು ಸುಮಾರು ಆರು ಕಿಲೋ. ಮೂವತ್ತು ಕಿಲೋ ಇಳಿಸುವ ಹಟ ಬಿಟ್ಟು ಆರು ಕಿಲೋ ಇಳಿಸಿ ಅದನ್ನು ಕಾಯ್ದುಕೊಳ್ಳುವುದು ದೊಡ್ಡ ಗೆಲುವು.

ನಿರ್ಧಾರ ಮಾಡುವ ಬಗೆ

ಪ್ರಿಯರೇ, ಆತುರ ಬೇಡ. ಒಬ್ಬರೇ ಹೋಗಬೇಡಿ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಶಸ್ತ್ರವೈದ್ಯರಲ್ಲಿ ಈ ಪ್ರಶ್ನೆಗಳನ್ನು ಬರೆದುಕೊಂಡು ಕೇಳಿ:

1. ನನಗೆ ಸ್ಲೀವ್ ಏಕೆ, ಅಥವಾ ಬೈಪಾಸ್ ಏಕೆ?

2. ನೀವು ಇದುವರೆಗೆ ಎಷ್ಟು ಮಾಡಿದ್ದೀರಿ? ಎಷ್ಟು ಜನರಿಗೆ ತೊಂದರೆಯಾಯಿತು?

3. ಪಥ್ಯತಜ್ಞರು, ಮನೋವೈದ್ಯರು ನಿಮ್ಮ ತಂಡದಲ್ಲಿದ್ದಾರೆಯೇ?

4. ಐದು ವರ್ಷಗಳ ಬಳಿಕ ನನ್ನನ್ನು ನೋಡುವವರು ಯಾರು?

5. ನಡುರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ?

6. ಮಾತ್ರೆ, ಪರೀಕ್ಷೆಗಳಿಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ?

ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಳ್ಳುವ, "ಈ ವಾರ ಸೇರಿಕೊಂಡರೆ ರಿಯಾಯಿತಿ" ಎನ್ನುವ ಕಡೆಯಿಂದ ಎದ್ದು ಬನ್ನಿ. ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ. ಸಾಧ್ಯವಾದರೆ ಐದು ವರ್ಷಗಳ ಹಿಂದೆ ಮಾಡಿಸಿಕೊಂಡ ಒಬ್ಬರೊಡನೆ ಮಾತಾಡಿ. ಐದು ತಿಂಗಳಾದವರು ಹೇಳುವುದು ಅರ್ಧ ಕಥೆ ಮಾತ್ರ.

ಮನೆಯವರಿಗೂ, ಧರ್ಮಕೇಂದ್ರದ ಬಂಧುಗಳಿಗೂ ಒಂದು ವಿನಂತಿ. ಬಲಿಪೂಜೆ ಮುಗಿದು ಹೊರಬರುವಾಗ "ಏನಮ್ಮಾ, ಮತ್ತೆ ದಪ್ಪ ಆಗಿಬಿಟ್ಟೆಯಲ್ಲ" ಎಂದು ನಗುವುದನ್ನು ಬಿಡೋಣ. ಹಬ್ಬದ ಊಟದಲ್ಲಿ "ಇವತ್ತೊಂದು ದಿನ ತಿಂದರೆ ಏನಾಗುತ್ತೆ" ಎಂದು ತಟ್ಟೆಗೆ ಸುರಿಯುವುದನ್ನೂ ಬಿಡೋಣ. ಎರಡು ತುತ್ತು ತಿಂದು ಕೈ ತೊಳೆದವರನ್ನು ಕಾರಣ ಕೇಳದೆ, ನಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡು ಮಾತಾಡೋಣ. ಅವರು ಶಸ್ತ್ರಚಿಕಿತ್ಸೆಗೆ ಹೌದೆಂದರೂ ಬೇಡವೆಂದರೂ ಮುಂದಿನ ಹತ್ತು ವರ್ಷ ಅವರಿಗೆ ಬೇಕಾದದ್ದು ಈ ಆಸರೆಯೇ. ಈ ವಾರವೇ ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಅವರೊಡನೆ ವೈದ್ಯರ ಬಳಿಗೆ ಹೋಗಲು ಒಂದು ದಿನ ಬಿಡುವು ಮಾಡಿಕೊಳ್ಳಿ.